ಒಂದೇ ಪರಾತಿನ ನೀರು

ಅರಿಶಿನ ಕದಡಿದ ನೀರಿನ ವಾಸನೆ ಬಂದರೆ ಈಗಲೂ ಅಕ್ಕೋಳದ ಅಜ್ಜಿಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹೆರಿಗೆಗೆ ತವರಿಗೆ ಬರಲಿದ್ದ ಅವ್ವನ ತಂಗಿ ಚಿಗವ್ವನ ಬಾಣಂತನಕ್ಕೆಂದೇ ಅಜ್ಜಿ ಅಂಗಳದಲ್ಲಿ ಕೋಳಿಗಳನ್ನು ಸಾಕಿದ್ದಳು. ಅವತ್ತು ಕೆಂಪು ಕೋಳಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿತ್ತು. ಹಿಂದಿನ ಪುಕ್ಕಗಳಿಗೆ ಹಸಿರು ಭೇದಿ ಅಂಟಿ ಒಣಗಿತ್ತು.

"ಅದನ್ನ ದೂರ ಒಯ್ದು ಬುಟ್ಟ್ಯಾಗ ಮುಚ್ಚಿಡು," ಎಂದ ಅಜ್ಜ.

"ನಿಮಗ ಜ್ವರಾ ಬಂದಾಗ ಬುಟ್ಟ್ಯಾಗ ಮುಚ್ಚಿಟ್ಟಿದ್ನೇನ್ರಿ?" ಎಂದು ಅಜ್ಜಿ ರೇಗಿದಳು.

ಹಿತ್ತಾಳೆಯ ಅಗಲವಾದ ಪರಾತಿನಲ್ಲಿ ನೀರಿಗೆ ಅರಿಶಿನ, ಜಜ್ಜಿದ ಬೆಳ್ಳುಳ್ಳಿ ಕಲಸಿ, ಕೆಂಪು ಕೋಳಿಯ ಕೊಕ್ಕನ್ನು ಅದರಲ್ಲಿ ಅದ್ದಿ ಅದ್ದಿ ಕುಡಿಸಿದಳು. ಆಮೇಲೆ ಅದೇ ಪರಾತನ್ನು ಅಂಗಳಕ್ಕೆ ಸರಿಸಿ ಉಳಿದ ಕೋಳಿಗಳನ್ನು ಕರೆದಳು.

"ಬರ್ರಿ ನನ್ನವ್ವಗೋಳ, ನೀವೂ ಕುಡೀರಿ. ಔಷಧ ಐತಿ, ಚೆಲ್ಲಬ್ಯಾಡ್ರಿ."

ಎಲ್ಲವೂ ಓಡಿ ಬಂದವೋ, ಒಂದೆರಡು ದೂರವೇ ನಿಂತವೋ, ಇಲ್ಲಿ ನನ್ನ ನೆನಪನ್ನು ನಾನು ನಂಬಲಾರೆ. ಬಂದ ಕೋಳಿಗಳು ಗುಟುಕು ಗುಟುಕಿಗೂ ಆಕಾಶಕ್ಕೆ ಕತ್ತೆತ್ತುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಚಿಗವ್ವ ಬಂದಾಗ ಅಂಗಳದಲ್ಲಿ ಒಂದು ಕೋಳಿಯೂ ಉಳಿದಿರಲಿಲ್ಲ. ಬುಟ್ಟಿಗಳು ಗೋಡೆಗೆ ಒರಗಿದ್ದವು. ಅಜ್ಜಿ ಮಗಳ ಕೈ ಹಿಡಿದುಕೊಂಡು ಹೇಳಿದಳು:

"ಎಲ್ಲಾದಕ್ಕೂ ಕುಡಿಸಿದ್ನೆವ್ವಾ. ಒಂದನ್ನೂ ಬಿಡಲಿಲ್ಲ."