ಪೌಡರ್ ಡಬ್ಬಿ

ಶವಾಗಾರದ ಶೀತಯಂತ್ರ ಒಮ್ಮೆ ಕೆಮ್ಮಿ, ಗುರ್ರೆಂದು ಓಡತೊಡಗಿತು. ಸೆಲಾಸಿ ಸ್ಪ್ಯಾನರ್ ಕೆಳಗಿಟ್ಟಳು. ಉಕ್ಕಿನ ಬಾಗಿಲಿನಾಚೆ ಮಲಗಿದ್ದವರು ಅವಳಿಗೆ ಫ್ರಿಜ್ ರಿಪೇರಿ ಕಲಿಸಿದ ಅಗ್ಬೆಕೊ ಮೇಷ್ಟ್ರು. ಅಲ್ಲಿನ ರೂಢಿಯಂತೆ ಅವರನ್ನು ಮಣ್ಣು ಮಾಡಲು ಇನ್ನೂ ಎರಡು ವಾರವಿತ್ತು.

"ಬೆಳಗ್ಗಿಂದ ಮೂರು ಜನ ಬಂದು ಕೈಚೆಲ್ಲಿ ಹೋದ್ರು ಕಣಮ್ಮ," ಎಂದ ಕಾವಲುಗಾರ. "ನೀನಿನ್ನೂ ಕಲಿಯೋ ಹುಡುಗಿ ಅಂದ್ಕೊಂಡಿದ್ದೆ."

ಕಲಿಯುವ ಹುಡುಗಿಯೇ. ಮೂರು ವರ್ಷದಿಂದ ಮೇಷ್ಟ್ರದು ಒಂದೇ ಮಾತು: "ನನ್ನನ್ನ ಒಂದ್ಸಲಾನೂ ಕರೀದೆ ಒಂದು ಮಿಷನ್ ಓಡ್ಸು. ಅವತ್ತೇ ನಿನ್ನ ತಲೆಗೆ ಪೌಡರ್ ಸುರೀತೀನಿ." ಕೆಲಸ ಕಲಿತು ಮುಗಿಸಿದವರಿಗೆ ಹಾಗೆ ಪೌಡರ್ ಸುರಿದು ಹರಸಬೇಕಾದವರು ಗುರುವೇ. ಜೊತೆಯವರೆಲ್ಲ ಬಿಳಿ ತಲೆಯಲ್ಲಿ ಊರೆಲ್ಲ ಮೆರೆದು, ಅಕ್ರಾ ನಗರದಲ್ಲಿ ಕೆಲಸಕ್ಕೂ ಸೇರಿದ್ದರು. ಸೆಲಾಸಿ ಮಾತ್ರ ಪ್ರತಿ ಸಲ ಕೊನೆಯ ನಟ್ಟಿಗೆ ಬಂದಾಗ ಧೈರ್ಯಗೆಟ್ಟು, "ಮೇಷ್ಟ್ರೇ, ಸ್ವಲ್ಪ ಬನ್ನಿ" ಎಂದುಬಿಡುತ್ತಿದ್ದಳು. ಇವತ್ತು ತುಟಿ ಕಚ್ಚಿಕೊಂಡೇ ಮುಗಿಸಿದ್ದಳು.

ಮೇಷ್ಟ್ರ ಹೆಂಡತಿ ಒಳಬಂದು ಯಂತ್ರದ ಸದ್ದನ್ನು ನಿಂತು ಆಲಿಸಿದರು. "ಕರೆದ್ಯಾ ಅವರನ್ನ?"

"ಇಲ್ಲಮ್ಮ."

ಅವರು ಚೀಲದಿಂದ ಪೌಡರ್ ಡಬ್ಬಿ ತೆಗೆದರು. "ನೀನಿಲ್ಲಿದ್ದೀಯ ಅಂತ ಕೇಳಿ ಇದನ್ನ ತಗೊಂಡ್ಬಂದೆ. ಹೋದ ತಿಂಗಳೇ ಕೊಂಡಿಟ್ಟಿದ್ರು. ಆ ಹೆದರುಪುಕ್ಕಲಿಗೆ ಬೇಗ ಬೇಕಾಗುತ್ತೆ ನೋಡು, ಅಂತಿದ್ರು."

ಬಿಳಿ ಪುಡಿ ನೆತ್ತಿಯಿಂದ ರೆಪ್ಪೆಗಳ ಮೇಲೆ ಇಳಿಯಿತು. ಸೆಲಾಸಿ ತಣ್ಣನೆಯ ಬಾಗಿಲಿಗೆ ಹಣೆಯಾನಿಸಿ, ಅಷ್ಟು ಹೊತ್ತೂ ತಡೆದಿದ್ದ ಮಾತನ್ನು ಬಿಟ್ಟಳು.

"ಮೇಷ್ಟ್ರೇ, ಸ್ವಲ್ಪ ಬನ್ನಿ."