ರುಚಿ ನೋಡದ ಪಾನಕ

ಅಮ್ಮ ಊರಿನಲ್ಲಿರಲಿಲ್ಲ. ರಾಮನವಮಿಗೆ ಬೇಲದ ಹಣ್ಣಿನ ಪಾನಕ ಮಾಡುವ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂತು.

"ಎಂ.ಎ. ಓದಿದೋಳಿಗೆ ಇಷ್ಟಾದ್ರೂ ಬರುತ್ತೋ ನೋಡೋಣ" ಎಂದು ಸೋದರತ್ತೆ ನಕ್ಕಿದ್ದರು.

ಬೆಳಿಗ್ಗೆ ಎದ್ದವಳೇ ಬೆಲ್ಲ ನೆನೆಸಿಟ್ಟೆ. ಬೇಲದ ತಿರುಳನ್ನು ನೀರಿನಲ್ಲಿ ಕಿವುಚಿದೆ, ಏಲಕ್ಕಿ, ಮೆಣಸು ಕುಟ್ಟಿ ಹಾಕಿದೆ, ಮೇಲೆ ತುಳಸಿ ಉದುರಿಸಿದೆ. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿರಲಿಲ್ಲ.

ಮಂಗಳಾರತಿಯಾದ ಮೇಲೆ ಬೀದಿಯವರೆಲ್ಲ ಲೋಟ ಹಿಡಿದು ಕೂತರು. ಎದುರುಮನೆಯ ಮೇಷ್ಟ್ರು ಕಣ್ಣಿಗೊತ್ತಿಕೊಂಡು ಒಂದೇ ಗುಟುಕಿಗೆ ಕುಡಿದು, "ಚೆನ್ನಾಗಿದೆ ಕಣಮ್ಮ" ಎಂದರು. ನನ್ನ ಎದೆ ಹಗುರಾಯಿತು.

ಪಕ್ಕದ ಮನೆಯ ಆರು ವರ್ಷದ ಪಾವನಿ ಮಾತ್ರ ಮುಖ ಸಿಂಡರಿಸಿದಳು.

"ಅಮ್ಮಾ, ಹುಳಿ! ನಂಗೆ ಬೇಡ."

"ಪ್ರಸಾದಕ್ಕೆ ಹಾಗನ್ನಬಾರ್ದು. ಸುಮ್ನೆ ಕುಡಿ."

"ನಿಜವಾಗ್ಲೂ ಹುಳಿ!"

ಎಲ್ಲರೂ ನನ್ನ ಕಡೆ ನೋಡಿದರು. ನಾಲ್ಕು ಜನರ ಮುಂದೆ ಎಂದೂ ಬಾಯಿ ಬಿಡದ ನಾನು ಅಂದು ಬಿಟ್ಟೆ.

"ಈಗಿನ ಮಕ್ಕಳಿಗೆ ಬಾಟ್ಲಿ ಜ್ಯೂಸೇ ಆಗ್ಬೇಕು ಆಂಟಿ. ಇದೆಲ್ಲ ಎಲ್ಲಿ ಹಿಡಿಸುತ್ತೆ?"

ಎಲ್ಲರೂ ನಕ್ಕರು. ಪಾವನಿಯ ಅಮ್ಮ ನಗಲಿಲ್ಲ; ಮಗಳ ಬೆನ್ನಿಗೊಂದು ಬಿಟ್ಟರು. ಅವಳು ಬಿಕ್ಕುತ್ತಲೇ ಲೋಟ ಖಾಲಿ ಮಾಡಿದಳು.

ಜನ ಹೊರಟ ಮೇಲೆ ಅಡುಗೆಮನೆಗೆ ಬಂದೆ. ಒಲೆಯ ಪಕ್ಕ ಮುಚ್ಚಿಟ್ಟಿದ್ದ ಪಾತ್ರೆಯೊಂದು ಕಂಡಿತು. ಮೇಲಿನ ತಟ್ಟೆ ಎತ್ತಿದೆ.

"ಅಕ್ಕಾ..." ಬಾಗಿಲಲ್ಲಿ ಪಾವನಿ ನಿಂತಿದ್ದಳು. ಕಣ್ಣು ಇನ್ನೂ ಒದ್ದೆಯಿತ್ತು. "ತಪ್ಪಾಯ್ತು. ಪಾನಕ ಸಿಹಿಯಾಗಿತ್ತು. ಹಾಗಂತ ಹೇಳಿ ಬಾ ಅಂದ್ರು ಅಮ್ಮ."

ನನ್ನ ಕೈಯಲ್ಲಿ ತಟ್ಟೆಯಿತ್ತು. ಪಾತ್ರೆಯಲ್ಲಿ, ಬೆಳಿಗ್ಗೆ ನೆನೆಸಿಟ್ಟ ಬೆಲ್ಲದ ನೀರು ಒಂದು ಹನಿಯೂ ಕಮ್ಮಿಯಾಗದೆ ಹಾಗೇ ಇತ್ತು.