ಎಡಗಡೆಯ ಹಿಂದಿನ ದೀಪ

ಅವನಿಗೆ ಗೊತ್ತಾಗಿರಬಹುದೇ? ಗೊತ್ತಿದ್ದರೆ ಇಷ್ಟು ನಗುತ್ತ ಮಾತನಾಡಿಸುತ್ತಿದ್ದನೇ? ನಿವೃತ್ತ ಸರ್ವೇಯರ್ ಶ್ರೀಪಾದರಾಯರು ಹೀಗೆ ಯೋಚಿಸುತ್ತಲೇ ತಮ್ಮ ಐವತ್ತು ವರ್ಷದ ಕಾರನ್ನು ಎಲೆಕ್ಟ್ರಿಷಿಯನ್ ದಸ್ತಗೀರನ ಅಂಗಡಿಯ ಮುಂದೆ ನಿಲ್ಲಿಸಿದರು.

“ಮತ್ತ ಅದ ಲೈಟೇನ್ರೀ ರಾಯರ? ನಿಮ್ಮ ಗಾಡಿ ನನ್ನ ಬಿಟ್ಟ ಇರಂಗಿಲ್ಲ ನೋಡ್ರಿ.”

“ಅದಕ್ಕ ನಿನ್ನ ಚಾದ ರುಚಿ ಹತ್ತೇದ.”

ತಿಂಗಳಿಗೊಮ್ಮೆ ಎಡಗಡೆಯ ಹಿಂದಿನ ದೀಪ ಕೆಡುತ್ತಿತ್ತು. ದಸ್ತಗೀರ ದೀಪದ ಅರ್ತ್ ವೈರನ್ನು ಕಾರಿನ ತಗಡಿಗೆ ಹಿಡಿದಿಡುವ ಸ್ಕ್ರೂ ಬಿಗಿ ಮಾಡುತ್ತಿದ್ದ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತ ಕೂರುತ್ತಿದ್ದರು. ತಿಂಗಳಿಡೀ ರಾಯರಿಗೆ ಅಷ್ಟು ಹೊತ್ತಿನ ಮಾತು ಬೇರೆಲ್ಲೂ ಇರಲಿಲ್ಲ.

ಇಂದು ಅವನು ಸ್ಕ್ರೂ ಬಿಚ್ಚಿ, ಅದರಡಿಯ ಬಣ್ಣವನ್ನು ತಗಡು ಹೊಳೆಯುವವರೆಗೆ ಕೆರೆದ. ಹೊಸ ವೈರನ್ನು ತಗಡಿಗೇ ಬೆಸೆದ.

“ಇನ್ನ ಹತ್ತ ವರ್ಷ ಕೆಡಂಗಿಲ್ರಿ. ನಾ ಅಂಗಡಿ ಮುಚ್ಚಾಕತ್ತೀನಿ. ಮಗಳ ಊರಿಗೆ ಹೊಂಟೀನಿ.”

ರಾಯರು ಚಹಾದ ಲೋಟ ಕೆಳಗಿಟ್ಟರು.

“ಒಂದ ತಪ್ಪ ಒಪ್ಕೋಬೇಕ್ರಿ.” ಅವನು ತಲೆ ಎತ್ತಲಿಲ್ಲ. “ಇಷ್ಟ ದಿನ ಬಣ್ಣ ಕೆರೀಲಾರದ ಬರೇ ಸ್ಕ್ರೂ ಹಾಕ್ತಿದ್ದೆ. ಬಣ್ಣದ ಮ್ಯಾಲೆ ಅರ್ತ್ ನಿಲ್ಲಂಗಿಲ್ಲ, ಲೈಟ್ ಕೆಡತೈತಿ. ಹೆಂಡ್ತಿ ಹ್ವಾದಮ್ಯಾಲೆ ಇಲ್ಲಿ ಕೂತ ಮಾತಾಡವ್ರು ನೀವೊಬ್ಬರ. ಕೆಟ್ರ ಬರ್ತೀರಿ ಅಂತ ಹಂಗ ಮಾಡಿದೆ. ಮಾಫ್ ಮಾಡ್ರಿ.”

“ಇರ್ಲಿ ಬಿಡು,” ಎಂದರು ರಾಯರು.

ಅವರು ಹೊರಟಾಗ ದೀಪ ಒಂದಿಷ್ಟೂ ಮಿಣುಕದೆ ಉರಿಯುತ್ತಿತ್ತು. ಪ್ರತಿ ತಿಂಗಳು ಆ ಸ್ಕ್ರೂವನ್ನು ತಾವೇ ಸಡಿಲಿಸಿ ಬರುತ್ತಿದ್ದುದನ್ನು ಅವರು ಅವನಿಗೆ ಹೇಳಲೇ ಇಲ್ಲ.